ಮೇಟಗಳ್ಳಿ ಮೇಸ್ತ್ರಿಯ ಹೆಬ್ಬೆಟ್ಟು

ಮೊನ್ನೆ ಬೆಳಿಗ್ಗೆ ಹಾಲು ತರಲು ಹೊರಟವನು ಗೇಟಿನ ಹತ್ತಿರವೇ ನಿಂತುಬಿಟ್ಟೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟ ಹೊಗೆಯ ವಾಸನೆ. ಈಗಿನ ಗಾಡಿಗಳಿಗೆ ಆ ವಾಸನೆ ಇಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ, ಎದುರುಮನೆಯ ಬ್ಯಾಂಕಿನವರು ಎಲ್ಲಿಂದಲೋ ಒಂದು ಹಳೆಯ ಟೂ-ಸ್ಟ್ರೋಕ್ ಬೈಕು ತಂದು, ಬನಿಯನ್ನಿನಲ್ಲೇ ನಿಂತು ಅದನ್ನು ಒದೆಯುತ್ತಿದ್ದರು. ಒದ್ದಾಗಲೆಲ್ಲ ಅದು ಒಂದಿಷ್ಟು ನೀಲಿ ಹೊಗೆ ಬಿಟ್ಟು ಸುಮ್ಮನಾಗುತ್ತಿತ್ತು.

"ಕಂಪ್ರೆಷನ್ ಕಮ್ಮಿ ಆಗಿದೆ ಅನ್ಸುತ್ತೆ ಸಾರ್. ಗೇಜ್ ಆರ್ಡರ್ ಮಾಡಿದ್ದೀನಿ, ನಾಳೆ ಬರುತ್ತೆ," ಅಂದರು.

"ಗೇಜ್ ಯಾಕ್ರೀ? ಹೆಬ್ಬೆಟ್ಟಿಲ್ವಾ ನಿಮಗೆ?" ಅಂದುಬಿಟ್ಟೆ.

ಪಾಪ, ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ಮಾತು ನನ್ನದಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ಮೇಟಗಳ್ಳಿಯಲ್ಲಿ ನನ್ನ ಪಕ್ಕದ ಶೆಡ್ಡಿನಲ್ಲಿದ್ದ ಮೇಸ್ತ್ರಿಯದು. ಹಾಲಿನ ಪಾತ್ರೆ ಹಿಡಿದುಕೊಂಡು ಎಷ್ಟು ಹೊತ್ತು ಅಲ್ಲೇ ನಿಂತಿದ್ದೆನೋ… ಒಳಗಿನಿಂದ ಹೆಂಡತಿ ಕೂಗಿದ ಮೇಲೆ ಎಚ್ಚರವಾಯಿತು.

ಮೇಟಗಳ್ಳಿಯಲ್ಲಿ ನನಗೊಂದು ಲೇತ್ ಅಂಗಡಿ ಇತ್ತು. ಸವೆದ ಸಿಲಿಂಡರುಗಳನ್ನು ಒಳಗಡೆ ಕೂದಲೆಳೆಯಷ್ಟು ಕೊಯ್ದು ನುಣುಪು ಮಾಡುವುದು, ಅಂದರೆ ಬೋರ್ ಹೊಡೆಯುವುದು, ನನ್ನ ಮುಖ್ಯ ಕೆಲಸ. ನನ್ನ ಗೋಡೆಗೆ ಅಂಟಿಕೊಂಡೇ ಮೇಸ್ತ್ರಿಯ ಶೆಡ್ಡು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಊರ ಕಡೆ ಬೇಸಾಯದ ಮನೆಯವರು. ಪಂಪ್‌ಸೆಟ್ ರಿಪೇರಿಯಿಂದ ಶುರುಮಾಡಿ ಸ್ಕೂಟರು, ಬೈಕು, ಔಷಧಿ ಹೊಡೆಯುವ ಯಂತ್ರ ಎಲ್ಲದಕ್ಕೂ ಕೈ ಹಾಕಿದವರು. ಟೂ-ಸ್ಟ್ರೋಕ್ ಅಂದರೆ ಮೈಸೂರಿನಲ್ಲಿ ಆಗ ಅವರೇ. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನ್ ಲೇತು, ತಿಂಡಿ ಆಯ್ತಾ?" ಅನ್ನುತ್ತಿದ್ದರು. ಇಡೀ ಸಾಲಿನಲ್ಲಿ ನಾನು ಲೇತು ಆಗಿಹೋದೆ.

ನನ್ನ ಬಾಯಿಯ ವಿಷಯವನ್ನೂ ಹೇಳಿಬಿಡಬೇಕು. ನಾನು ಬೈಯುವವನು. ಗಿರಾಕಿಯಾಗಲಿ, ವೆಲ್ಡಿಂಗಿನವನಾಗಲಿ, ಕರೆಂಟಿನವನಾಗಲಿ, ಕೆಲಸ ಕೆಡಿಸಿದರೆ ಮುಖಕ್ಕೇ ಉಗಿದು ಕಳಿಸುತ್ತಿದ್ದೆ. ಉಗಿದ ಮೇಲೆ ಟೀ ತರಿಸುತ್ತಿದ್ದೆ ಅನ್ನುವುದೂ ನಿಜ. ಮೇಸ್ತ್ರಿಗೆ ಅದು ತಮಾಷೆ. "ಓಗ್ರಪ್ಪ, ಲೇತು ತಾವ್ ಓಗಿ ಒಂದ್ ಸಲ ಮಂಗಳಾರತಿ ಎತ್ತಿಸ್ಕೊಂಡ್ ಬನ್ನಿ, ಬುದ್ಧಿ ಬತ್ತದೆ," ಅಂತ ಗಿರಾಕಿಗಳನ್ನು ನನ್ನ ಕಡೆ ದಬ್ಬುತ್ತಿದ್ದರು.

ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಬರುವಾಗ ಗಾಳಿಯನ್ನು ಅದುಮುತ್ತದೆ. ಆ ಅದುಮಿನಲ್ಲೇ ಇಂಜಿನ್ನಿನ ದಮ್ಮು ಇರುವುದು. ಎಲ್ಲಾದರೂ ಸೋರಿದರೆ ಕಂಪ್ರೆಷನ್ ಕಮ್ಮಿ ಅನ್ನುತ್ತಾರೆ. ಎಲ್ಲಿ ಸೋರುತ್ತಿದೆ ಅಂತ ಕಂಡುಹಿಡಿಯುವುದೇ ವಿದ್ಯೆ. ಬೇರೆಯವರು ಗೇಜ್ ಇಟ್ಟು ಮುಳ್ಳು ನೋಡುತ್ತಿದ್ದರು. ಮೇಸ್ತ್ರಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಬಲಗೈ ಹೆಬ್ಬೆಟ್ಟು ಒತ್ತಿ, ಇನ್ನೊಬ್ಬರಿಗೆ ಕಿಕ್ಕರ್ ಒದೆಯಲು ಹೇಳುತ್ತಿದ್ದರು. ಹೆಬ್ಬೆಟ್ಟನ್ನು ಗಾಳಿ ಟಪ್ಪಂತ ಎತ್ತಿ ಒಗೆದರೆ ಸರಿ. ಒಗೆಯದಿದ್ದರೆ ಎರಡು ನಿಮಿಷ ಕಣ್ಣು ಮುಚ್ಚಿ ಯೋಚಿಸಿ, ಪಿಸ್ಟನ್ನಿನ ರಿಂಗು ಹೋಗಿದೆಯೋ, ಸಿಲಿಂಡರಿಗೂ ಅದರ ಮುಚ್ಚಳಕ್ಕೂ ನಡುವೆ ಕೂರುವ ಗ್ಯಾಸ್ಕೆಟ್ಟು ಸುಟ್ಟಿದೆಯೋ, ಬೋರೇ ಸವೆದಿದೆಯೋ ಹೇಳುತ್ತಿದ್ದರು. ಬೋರಾದರೆ ಸಿಲಿಂಡರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಇಂಟು ಮಾರ್ಕು ಎಳೆದು ನನ್ನ ಕಡೆ ದಾಟಿಸುತ್ತಿದ್ದರು. ನಾನು ಅಳತೆ ತೆಗೆಯುತ್ತಿದ್ದುದು ಎಷ್ಟು ಕೊಯ್ಯಬೇಕು ಅಂತ ತಿಳಿಯಲಿಕ್ಕೆ ಮಾತ್ರ. ಕೊಯ್ಯಬೇಕೋ ಬೇಡವೋ ಅನ್ನುವುದು ಅವರ ಹೆಬ್ಬೆಟ್ಟಿಗೆ ಬಿಟ್ಟ ವಿಷಯ. ಹನ್ನೆರಡು ವರ್ಷ ಹಾಗೇ ನಡೆಯಿತು, ಒಂದೂ ತಪ್ಪಾಗಲಿಲ್ಲ.

ಒಂದು ವರ್ಷ ಮಳೆ ಶುರುವಾಗುವ ಮುಂಚೆ ಕಬಿನಿ ಹಿನ್ನೀರಿನ ಕಡೆಯಿಂದ ದೋಣಿಯವರೊಬ್ಬರು ಬಂದರು. ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ತಂದಿದ್ದದ್ದು ಔಟ್‌ಬೋರ್ಡ್ ಮೋಟಾರು, ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್ನು. ಒಂದರ ಮೇಲೊಂದು ಎರಡು ಸಿಲಿಂಡರು. ಮೇಲ್ಗಡೆ ಹಗ್ಗ ಸುತ್ತಿ ಎಳೆದು ಸ್ಟಾರ್ಟ್ ಮಾಡುವ ತಟ್ಟೆ. ಹಸಿರು ಬಣ್ಣ ಅಲ್ಲಲ್ಲಿ ಉಳಿದಿತ್ತು. ಹಳೆಯ ಬಂಗಲೆಯವರು ಯಾರೋ ಬಿಟ್ಟುಹೋದದ್ದು ಅವರ ಅಪ್ಪನ ಕೈಗೆ ಬಂದಿತ್ತಂತೆ. ಮಾಡಿದ ಕಂಪನಿ ಮುಚ್ಚಿಹೋಗಿ ಯಾವ ಕಾಲವಾಯಿತೋ. ಬಿಡಿಭಾಗ ಈ ಭೂಮಿಯ ಮೇಲೆ ಸಿಗುವಂತಿರಲಿಲ್ಲ.

"ಸ್ಟಾರ್ಟಾಯ್ತದೆ ಸ್ವಾಮಿ, ಆದ್ರೆ ತಳ್ಳಕಿಲ್ಲ. ನೀರು ತುಂಬ್ದಾಗ ಆಚೆ ದಡದೋರು ಆಸ್ಪತ್ರೆಗೆ, ಸಂತೆಗೆ ನನ್ ದೋಣೀಲೇ ಬರ್ಬೇಕು," ಅಂದರು ದೋಣಿಯವರು. "ಇದನ್ನ ಕೆಡಿಸ್ಬುಟ್ರೆ ನಂಗೆ ಇನ್ನೊಂದಿಲ್ಲ ಕಣ್ರಪ್ಪ."

ಮೇಸ್ತ್ರಿಯ ಮುಖ ಅರಳಿತು. ಅಂಥದ್ದನ್ನು ಅವರೂ ಬಿಚ್ಚಿರಲಿಲ್ಲ. ಮೊದಲು ಹಗ್ಗದ ಹಿಡಿ ಹಿಡಿದು ಇಡೀ ಮೋಟಾರನ್ನೇ ನೆಲದಿಂದ ಒಂದು ಗೇಣು ಎತ್ತಿದರು. ಒಳಗೆ ಕಂಪ್ರೆಷನ್ ಗಟ್ಟಿ ಇದ್ದರೆ ಹಗ್ಗ ಬಿಚ್ಚಿಕೊಳ್ಳದೆ ಮೋಟಾರು ಹಾಗೇ ತೂಗಬೇಕು. ಇದು ಸರ್ರನೆ ಕೆಳಗಿಳಿದು ಕೂತಿತು. ಕಂಪ್ರೆಷನ್ ಇಲ್ಲ ಅನ್ನುವುದು ನನಗೂ ಕಂಡಿತು. ಆಮೇಲೆ ಎರಡೂ ಪ್ಲಗ್ ಬಿಚ್ಚಿ ಹೆಬ್ಬೆಟ್ಟು ಇಟ್ಟರು. ಹಗ್ಗ ಎಳೆದವನು ನಾನೇ.

"ಎರಡೂ ಸತ್ತೋಗವೆ," ಅಂದರು. "ಬೋರ್ ಸವ್ದೋಗದೆ."

ಇನ್ನೊಂದು ಪರೀಕ್ಷೆ ಇದೆ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಎಳೆಯುವುದು. ಬೋರ್ ಸವೆದಿದ್ದರೆ ಆಯಿಲ್ ಆ ಸಂದನ್ನು ತುಂಬಿ, ಸ್ವಲ್ಪ ಹೊತ್ತು ಕಂಪ್ರೆಷನ್ ಏರುತ್ತದೆ. ಸೋರಿಕೆ ಮೇಲ್ಗಡೆ ಗ್ಯಾಸ್ಕೆಟ್ಟಿನಲ್ಲಿದ್ದರೆ ಏರುವುದಿಲ್ಲ. ಮೇಸ್ತ್ರಿ ಆಯಿಲ್ ಬಿಟ್ಟರು, ಹೆಬ್ಬೆಟ್ಟು ಇಟ್ಟರು, ನಾನು ಎಳೆದೆ. "ನೋಡ್ದಾ, ಎಂಗ್ ಒದೀತು!" ಅಂದು ಸೀಮೆಸುಣ್ಣ ತೆಗೆದು ಇಂಟು ಎಳೆದೇಬಿಟ್ಟರು. ಬೋರ್ ದೊಡ್ಡದು ಮಾಡಿ ಯಾವುದೋ ಸ್ಕೂಟರಿನ ಪಿಸ್ಟನ್ ತಂದು ಕೂರಿಸೋಣ ಅಂತ ಲೆಕ್ಕಾಚಾರವೂ ಆಯಿತು. ದೋಣಿಯವರು ಕೈ ಮುಗಿದು, ವಾರ ಬಿಟ್ಟು ಬರುತ್ತೇನೆ ಅಂತ ಹೋದರು.

ನನಗೆ ಯಾಕೋ ಸಮಾಧಾನವಾಗಲಿಲ್ಲ. ನಾನು ಎಳೆಯುವಾಗ ಎರಡನೇ ಸಲ ಹಗ್ಗ ಮೊದಲಿಗಿಂತ ಬಿಗಿ ಅನ್ನಿಸಿರಲಿಲ್ಲ. ಮೇಸ್ತ್ರಿ ಊಟಕ್ಕೆ ಹೋದಾಗ ಒಳಗೆ ಹೋಗಿ, ಹಳೆಯ ಆಯಿಲ್ ಬಸಿದು, ನನ್ನದೇ ಹೆಬ್ಬೆಟ್ಟು ಇಟ್ಟು ಎಡಗೈಯಲ್ಲಿ ಹಗ್ಗ ಎಳೆದೆ. ಉಫ್ ಅಂತ ಊದಿದಷ್ಟು ಗಾಳಿ. ಕೆಳಗಿನದಕ್ಕೂ ಅಷ್ಟೇ, ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲ. ಆಯಿಲ್ ಬಿಟ್ಟು ನೋಡಿದೆ, ಏರಲಿಲ್ಲ. ಇನ್ನೊಂದು ಸಲ ನೋಡಿದೆ. ಅಕ್ಕಪಕ್ಕದ ಎರಡೂ ಸಿಲಿಂಡರು ಒಂದೇ ಸಮ ಕಮ್ಮಿ ಇದ್ದರೆ ನಡುವಿನ ಗ್ಯಾಸ್ಕೆಟ್ಟು ಸುಟ್ಟಿದೆ ಅಂತ ತಿಳಿ. ಇದನ್ನು ನನಗೆ ಹೇಳಿಕೊಟ್ಟವರು ಮೇಸ್ತ್ರಿಯೇ.

ಆಗ ಹಿಂದಿನ ವಾರದ್ದು ನೆನಪಾಯಿತು. ಅವರು ಆಗತಾನೆ ಓಡಿಸಿ ನಿಲ್ಲಿಸಿದ ಬೈಕಿನ ಸೈಲೆನ್ಸರ್ ಮೇಲೆ ಬಲಗೈ ಊರಿ ನನ್ನ ಹತ್ತಿರ ಮಾತಾಡುತ್ತಾ ನಿಂತಿದ್ದರು. ನಾನೇ "ಅಯ್ಯೋ ಕೈ, ಮೇಸ್ತ್ರಿ!" ಅಂತ ಎಳೆದೆ. ಹೆಬ್ಬೆಟ್ಟು ಬೊಬ್ಬೆ ಎದ್ದಿತ್ತು. "ಬುಡು ಕಣೋ, ಎಮ್ಮೆ ಚರ್ಮ," ಅಂತ ನಕ್ಕಿದ್ದರು. ನಾನೂ ನಕ್ಕಿದ್ದೆ. ಈಗ ಆ ಮೋಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತವನಿಗೆ ಅದು ಅರ್ಥವಾಯಿತು. ಆ ಹೆಬ್ಬೆಟ್ಟಿಗೆ ಏನೂ ತಿಳಿಯುತ್ತಿರಲಿಲ್ಲ. ಗಾಳಿ ಒದೆಯಿತು ಅಂದರಲ್ಲ, ಅದು ಅವರ ಮನಸ್ಸಿಗೆ ಒದ್ದದ್ದು.

ನನ್ನ ಅಪ್ಪನಿಗೂ ಹೀಗೇ ಆಗಿತ್ತು. ಸಕ್ಕರೆ ಕಾಯಿಲೆ. ಮೊದಲು ಬೆರಳ ತುದಿ, ಆಮೇಲೆ ಪಾದ. ಹಾಗಾಗಿ ನನಗೆ ಗೊತ್ತಿರಲಿಲ್ಲ ಅಂತ ಹೇಳುವಂತಿಲ್ಲ.

ಮರುದಿನ ಮೇಸ್ತ್ರಿ ಮೋಟಾರು ಬಿಚ್ಚಿ ಸಿಲಿಂಡರಿನ ಬ್ಲಾಕನ್ನೂ ಅದರ ಮುಚ್ಚಳವಾದ ಹೆಡ್ಡನ್ನೂ ನನ್ನ ಕಡೆ ಕಳಿಸಿದರು. ಗ್ಯಾಸ್ಕೆಟ್ಟು ಹೆಡ್ಡಿಗೆ ಅಂಟಿಕೊಂಡೇ ಇತ್ತು. ಎರಡು ಸಿಲಿಂಡರುಗಳ ನಡುವೆ ಅದು ಸುಟ್ಟು, ಕಪ್ಪಗೆ ಒಂದು ಬೆರಳಗಲದ ದಾರಿ ಬಿದ್ದಿತ್ತು. ಕಣ್ಣಿದ್ದವರಿಗೆ ಕಾಣುವಂಥದ್ದು. ಆದರೆ ಹೆಬ್ಬೆಟ್ಟು ತೀರ್ಪು ಕೊಟ್ಟ ಮೇಲೆ ಮೇಸ್ತ್ರಿ ಮತ್ತೆ ನೋಡುವವರಲ್ಲ. ಬೋರ್ ಅಳೆದೆ. ಮೇಲೆ, ನಡುವೆ, ಕೆಳಗೆ, ಅಡ್ಡ, ಉದ್ದ. ಸವೆತ ಅನ್ನುವುದೇ ಇಲ್ಲ, ಮದುಮಗನ ಹಾಗಿತ್ತು. ಗೋಡೆ ಬೇರೆ ತೆಳು, ಸುತ್ತ ನೀರು ಹರಿಯುವ ದಾರಿ. ಕೊಯ್ದರೆ ಮತ್ತೆ ಅಂಟಿಸಲಾಗುತ್ತದೆಯೇ? ದೋಣಿಯವರ ಮೋಟಾರು ಅವತ್ತಿಗೆ ಮುಗಿದ ಹಾಗೆ.

ಗೋಡೆಯಾಚೆ ಮೇಸ್ತ್ರಿ ಯಾರ ಹತ್ತಿರವೋ ಜೋರಾಗಿ ಮಾತಾಡುತ್ತಿದ್ದರು. ನಾಲ್ಕು ಹೆಜ್ಜೆ ಹೋಗಿ, "ಏನ್ ಮೇಸ್ತ್ರಿ, ಕಣ್ಣು ಕಾಣಲ್ವಾ? ಗ್ಯಾಸ್ಕೆಟ್ ನೋಡಿ ಇಲ್ಲಿ! ನಿಮ್ಮ ಹೆಬ್ಬೆಟ್ಟು ಸತ್ತಿದೆ, ಹೋಗಿ ಡಾಕ್ಟರಿಗೆ ತೋರಿಸ್ಕೊಳ್ಳಿ," ಅನ್ನಬೇಕಿತ್ತು. ಬೇರೆ ಯಾರಾಗಿದ್ದರೂ ಅಂದಿರುತ್ತಿದ್ದೆ. ಬ್ಲಾಕ್ ಕೈಯಲ್ಲಿ ಹಿಡಿದುಕೊಂಡು ಬಾಗಿಲ ತನಕ ಹೋದೆ. ಅವರು ಒಬ್ಬ ಗಿರಾಕಿಗೆ ಪ್ಲಗ್ ತೂತಿನ ಮೇಲೆ ಹೆಬ್ಬೆಟ್ಟು ಇಟ್ಟು ತೋರಿಸುತ್ತಿದ್ದರು. ನಾನು ಹಿಂದಕ್ಕೆ ಬಂದೆ. ಹೋಗಲಿ, ಗಿರಾಕಿ ಹೋದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಗಿರಾಕಿ ಹೋದ. ನಾನು ಹೇಳಲಿಲ್ಲ.

ಬದಲಿಗೆ ನಾನು ಮಾಡಿದ್ದು ಇದು. ಬೋರಿಗೆ ಕೈ ಹಚ್ಚಲಿಲ್ಲ. ಹೆಡ್ಡನ್ನು ಗಾಜಿನ ಮೇಲೆ ಸಾಣೆಪುಡಿ ಹಾಕಿ ಉಜ್ಜಿ ಸಮ ಮಾಡಿದೆ. ತಾಮ್ರದ ತಗಡು ಕಾಯಿಸಿ, ಮೆತ್ತಗೆ ಮಾಡಿ, ಹೊಸ ಗ್ಯಾಸ್ಕೆಟ್ಟು ಕತ್ತರಿಸಿದೆ. ನಾಲ್ಕನೇ ದಿನ ಎಲ್ಲವನ್ನೂ ಒರೆಸಿ ತಗೊಂಡು ಹೋಗಿ, "ಒಂದು ಕೂದಲೆಳೆ ಹೊಡೆದೆ ಮೇಸ್ತ್ರಿ, ಅಷ್ಟಕ್ಕೇ ಕ್ಲೀನ್ ಆಯ್ತು. ಹಳೇ ಪಿಸ್ಟನ್ನೇ ಸಾಕು. ಗ್ಯಾಸ್ಕೆಟ್ಟೂ ಹೊಸದು ಹಾಕಿಬಿಟ್ಟಿದ್ದೀನಿ," ಅಂದೆ. ಬೋರ್ ಹೊಡೆದರೆ ತೂತು ಅಗಲವಾಗಿ ದೊಡ್ಡ ಪಿಸ್ಟನ್ನೇ ಬೇಕಾಗುತ್ತದೆ; ಹಳೇದು ಸಾಕು ಅನ್ನುವ ಮಾತನ್ನು ಮೊನ್ನೆ ಮೊನ್ನೆ ಸ್ಪ್ಯಾನರ್ ಹಿಡಿದವನೂ ನಂಬುವುದಿಲ್ಲ.

ಮೇಸ್ತ್ರಿ ಬ್ಲಾಕ್ ಎತ್ತಿ ಬೆಳಕಿಗೆ ಹಿಡಿದರು. ಒಳಗೆ ನೋಡಿದರು, ನನ್ನ ಮುಖ ನೋಡಿದರು. ಏನೋ ಕೇಳುತ್ತಾರೆ ಅಂದುಕೊಂಡೆ. "ಊಂ… ಆಗ್ಲಿ ಬುಡು," ಅಂದರು.

ದೋಣಿಯವರು ಬಂದ ದಿನ ನೀರು ತುಂಬಿದ ಡ್ರಮ್ಮಿಗೆ ಮೋಟಾರು ಸಿಕ್ಕಿಸಿ ಹಗ್ಗ ಎಳೆದರು. ಎರಡನೇ ಎಳೆತಕ್ಕೆ ಹತ್ತಿಕೊಂಡಿತು ನೋಡಿ, ಡ್ರಮ್ಮಿನ ನೀರೆಲ್ಲ ನಮ್ಮ ಪ್ಯಾಂಟಿಗೆ. ದೋಣಿಯವರ ಕಣ್ಣಲ್ಲಿ ನೀರು. ಮೇಸ್ತ್ರಿಯ ಕಾಲಿಗೆ ಬಗ್ಗಿದರು. ಮೇಸ್ತ್ರಿ ಸರಕ್ಕನೆ ಹಿಂದೆ ಸರಿದು, "ನಂಗಲ್ಲ, ಅಗೋ ಅಲ್ಲಿ ಅವ್ನೆ ನೋಡಿ. ಲೇತಿನವನ ಕೈಗುಣ," ಅಂದರು. ದೊಡ್ಡತನ ಅಂದುಕೊಂಡೆ. ಒಳಗೊಳಗೇ ಹೆಮ್ಮೆಯೂ ಆಯಿತು. ಮೋಟಾರೂ ಉಳಿಯಿತು, ಮೇಸ್ತ್ರಿಯ ಮಾನವೂ ಉಳಿಯಿತು, ನನ್ನಂಥ ಬುದ್ಧಿವಂತ ಯಾರಿದ್ದಾರೆ ಅಂತ.

ಅದಾದ ಮೇಲೆ ಮೇಸ್ತ್ರಿಯ ಮಾತು ಕಮ್ಮಿಯಾಯಿತು. ಇಂಟು ಮಾರ್ಕಿನ ಸಿಲಿಂಡರು ಬರುವುದು ನಿಂತಿತು. "ಒಂದ್ ಸಲ ಅಳ್ದು ನೋಡು ಲೇತು, ನಿಂಗೆ ಎಂಗ್ ತೋರ್ತದೋ ಅಂಗ್ ಮಾಡು," ಅಂತ ಕಳಿಸುತ್ತಿದ್ದರು. ಅವರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದೆ, ಕೆಸರೆಯ ಮನೆಯಿಂದ ಬುತ್ತಿ ತಂದವರು ಸಂಜೆ ತನಕ ಶೆಡ್ಡಿನಲ್ಲೇ ಇರತೊಡಗಿದರು. ಒಂದು ದಿನ ಸುತ್ತಿಗೆ ಕೇಳಲು ಒಳಗೆ ಹೋದರೆ, ಅಕ್ಕ ಒಂದು ಸ್ಕೂಟರಿನ ಮುಂದೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ, ಪ್ಲಗ್ಗಿನ ತೂತಿಗೆ ತಮ್ಮ ಹೆಬ್ಬೆಟ್ಟು ಒತ್ತಿದ್ದರು. ಮೇಸ್ತ್ರಿ ಕಿಕ್ಕರ್ ಒದೆಯುತ್ತಿದ್ದರು.

"ತಳ್ತದೆ ಕಣ್ರೀ," ಅನ್ನುತ್ತಿದ್ದರು ಅಕ್ಕ. "ಆದ್ರೆ ನೆನ್ನೆ ಬೈಕಿನಷ್ಟು ಇಲ್ಲ."

ನನ್ನನ್ನು ಕಂಡು ಇಬ್ಬರೂ ನೆಟ್ಟಗಾದರು. ಮೇಸ್ತ್ರಿ, "ಇವ್ಳೂ ಕಲೀಲಿ ಅಂತ. ನಾನ್ ಓದ್ಮೇಲೆ ಅಂಗಡಿ ನಡಸ್ಬೇಕಲ್ಲ," ಅಂತ ನಗಲು ನೋಡಿದರು. ನಾನು ಸುತ್ತಿಗೆ ತಗೊಂಡು, "ಕಲಿಸಿ ಕಲಿಸಿ, ಅಕ್ಕ ನಿಮಗಿಂತ ಚೆನ್ನಾಗಿ ಹೇಳ್ತಾರೆ," ಅಂದು ಬಂದುಬಿಟ್ಟೆ. ಬಾಗಿಲು ದಾಟುವಾಗ ಅವರು ನನ್ನ ಬೆನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತ್ತು. ತಿರುಗಲಿಲ್ಲ. ಎರಡನೆಯ ಸಲ ಬಾಯಿ ಮುಚ್ಚಿಕೊಂಡದ್ದು ಅದು.

ಮುಂದಿನ ಬೇಸಿಗೆಯಲ್ಲಿ ಚಪ್ಪಲಿ ತೂರಿಕೊಂಡು ಒಂದು ಮೊಳೆ ಅವರ ಎಡಪಾದಕ್ಕೆ ಹೊಕ್ಕಿತು. ಇಡೀ ದಿನ ಅದರ ಮೇಲೇ ನಡೆದಾಡಿದ್ದಾರೆ. ಸಾಯಂಕಾಲ ಮನೆಯ ನೆಲದ ಮೇಲೆ ರಕ್ತದ ಗುರುತು ಕಂಡು ಅಕ್ಕ ಕಿರುಚಿಕೊಂಡ ಮೇಲೇ ಅವರಿಗೆ ಗೊತ್ತಾದದ್ದು. ಅರಿಶಿನ ಹಚ್ಚಿದರು, ಪಟ್ಟಿ ಕಟ್ಟಿದರು, ಒಂದು ವಾರ ಹೀಗೇ ಹೋಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಪಾದ ಕಪ್ಪಾಗಿತ್ತು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಅಂತ ಡಾಕ್ಟರು ಕೇಳಿದರಂತೆ. ಅಂಥದ್ದು ಇರುವುದೇ ಗೊತ್ತಿಲ್ಲ ಅಂದರಂತೆ. ಕೈ ಜೋಮು ಹಿಡಿದಾಗಲೇ ಬಂದಿದ್ದರೆ ಕಾಲು ಉಳಿಸಬಹುದಿತ್ತು ಅಂತ ಡಾಕ್ಟರು ಅಂದದ್ದನ್ನು ನಾನೇ ಕೇಳಿಸಿಕೊಂಡೆ. ಮೊಣಕಾಲಿನ ಕೆಳಗೆ ತೆಗೆದರು.

ನಾನು ನೋಡಲು ಹೋದಾಗ ಮೇಸ್ತ್ರಿ ಹಾಸಿಗೆಯ ಮೇಲೆ ಕೂತಿದ್ದರು. ಸುಮಾರು ಹೊತ್ತು ಅಂಗಡಿ ಮಾತಾಡಿದೆವು. ಆಮೇಲೆ ತಟ್ಟನೆ, "ಆ ದೋಣಿ ಮೋಟ್ರು ಎಂಗದೆ ಲೇತು? ಓಡ್ತಾ ಅದಾ?" ಅಂದರು. ಅಂದು ನನ್ನ ಮುಖವನ್ನೇ ನೋಡಿದರು.

"ಜಮಾಯಿಸಿ ಓಡ್ತಾ ಇದೆಯಂತೆ ಮೇಸ್ತ್ರಿ. ನೀವು ಹೇಳಿದ ಹಾಗೆ ಬೋರ್ ಹೊಡೆದೆನಲ್ಲ," ಅಂದೆ.

ಅವರು ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಸುಸ್ತಾಗಿದೆ ಅಂದುಕೊಂಡು ಎದ್ದು ಬಂದೆ. ಮತ್ತೆ ಶೆಡ್ಡು ತೆಗೆಯಲಿಲ್ಲ. ಒಂದೂವರೆ ವರ್ಷಕ್ಕೆ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಹನ್ನೊಂದನೇ ದಿನಕ್ಕೂ ಹೋಗಿದ್ದೆ. ಆಮೇಲೆ ಕೆಸರೆಯ ಆ ಬೀದಿಗೆ ಕಾಲಿಡಲಿಲ್ಲ. ಪುರುಸೊತ್ತಾಗಲಿಲ್ಲ ಅಂತ ಹೇಳಿಕೊಂಡು ತಿರುಗಿದೆ. ಪುರುಸೊತ್ತು ಬೇಕಾದಷ್ಟಿತ್ತು…

ಮೊನ್ನೆ ಆ ಹೊಗೆ ಮೂಗಿಗೆ ಬಡಿದ ಮೇಲೆ ತಿಂಡಿ ಸೇರಲಿಲ್ಲ. ಮಧ್ಯಾಹ್ನ ಬಸ್ಸು ಹತ್ತಿ ಕೆಸರೆಗೆ ಹೋದೆ. ಅಕ್ಕ ಅದೇ ಮನೆಯಲ್ಲಿದ್ದಾರೆ, ಮಗಳು ಅಳಿಯನ ಜೊತೆ. ಕೂದಲು ಪೂರಾ ಬೆಳ್ಳಗಾಗಿದೆ. ಗುರುತು ಹಿಡಿದು, "ಏನಪ್ಪ ಲೇತು, ದಾರಿ ತಪ್ಪಿ ಬಂದ್ಬುಟ್ಟೆ?" ಅಂತ ನಕ್ಕು ಕಾಫಿ ಕೊಟ್ಟರು. ಕಾಫಿ ಕುಡಿಯುವ ತನಕ ಅವರ ಮೊಮ್ಮಕ್ಕಳ ಮಾತು, ನನ್ನ ಬಿಪಿ ಮಾತು. ಲೋಟ ಕೆಳಗಿಟ್ಟ ಮೇಲೆ ಹೇಳಿಬಿಟ್ಟೆ.

"ಅಕ್ಕ, ಆ ದೋಣಿ ಮೋಟಾರಿಗೆ ನಾನು ಬೋರ್ ಹೊಡೀಲಿಲ್ಲ. ಬರೀ ಗ್ಯಾಸ್ಕೆಟ್ ಹೋಗಿತ್ತು. ಮೇಸ್ತ್ರಿ ಕೈಗೆ ತಿಳೀತಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಬೇಜಾರ್ ಮಾಡ್ಕೋತಾರೆ ಅಂತ ಹೇಳಲಿಲ್ಲ."

"ಗೊತ್ತು ಕಣಪ್ಪ," ಅಂದರು ಅಕ್ಕ.

ನಾನು ಲೋಟದಿಂದ ಕಣ್ಣೆತ್ತಿದೆ.

"ನೀನ್ ಬ್ಲಾಕ್ ಕೊಟ್ಟ ದಿನವೇ ಮನೆಗ್ ಬಂದು ಹೇಳುದ್ರು. 'ಲೇತು ಕೊಯ್ದಿಲ್ಲ ಕಣೆ. ಅವನಿಗೆ ಗೊತ್ತಾಗ್ಬುಟ್ಟದೆ. ನಾಳೆ ಬತ್ತಾನೆ, ಚೆನ್ನಾಗ್ ಉಗೀತಾನೆ. ಉಗಿಸ್ಕೊಂಡ್ಬುಟ್ಟು ಆಸ್ಪತ್ರೆಗೆ ಓಗನ, ನೀನೂ ಬಾ' ಅಂದ್ರು. ನಾನು, ಅವನ್ಯಾಕ್ ಉಗೀಬೇಕು, ನಾಳೇನೇ ನಡೀರಿ ಅಂದೆ. ಕೇಳ್ಳಿಲ್ಲ. ತಾವಾಗೇ ಓದ್ರೆ ಕೈ ಓಯ್ತು ಅಂತ ಒಪ್ಕೊಂಡಂಗೆ ಅಂತ ಅವರಿಗೆ. ನೀನ್ ಬೈದಿದ್ರೆ, ಈ ಲೇತು ಕಾಟ ತಡೀಲಾರ್ದೆ ಬಂದೆ ಅಂತ ಹೇಳ್ಕೊಂಡ್ ಹೋಗ್ತಿದ್ರು." ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. "ದಿನಾ ಸಾಯಂಕಾಲ ಬಂದು, ಇವತ್ತೂ ಏನೂ ಅನ್ಲಿಲ್ಲ ಕಣೆ ಅನ್ನೋರು. ಆಸ್ಪತ್ರೇಲಿ ನೀನ್ ಓದ್ಮೇಲೂ ಅದನ್ನೇ ಅಂದ್ರು."

ಮೇಟಗಳ್ಳಿಯಲ್ಲಿ ನನ್ನ ಬಾಯಿಗೆ ಸಿಗದವರಿಲ್ಲ. ನಾನು ಒಂದು ಮಾತೂ ಅನ್ನದೆ ಬಿಟ್ಟದ್ದು ಒಬ್ಬರನ್ನೇ.

"ನೀವಾದ್ರೂ ನನಗೆ ಬೈಯಿರಿ ಅಕ್ಕ," ಅಂದೆ.

"ಈಗ ಬೈದು ಏನಪ್ಪ ಮಾಡನ," ಅಂದು ಅಕ್ಕ ಲೋಟ ತೆಗೆದುಕೊಂಡು ಒಳಗೆ ಹೋದರು.